ಬಾಗಿಲು ಬಿಗಿಯಾದಾಗ

ತುಂಗಭದ್ರೆಯ ದಡದ ಸಿಂಗಟಾಲೂರಿನಂತಹ ಊರಿನಲ್ಲಿ ಹಳೆಯ ಮನೆಯನ್ನು ತಾನೇ ದುರಸ್ತಿ ಮಾಡಹೊರಟ ಹೊಸಬನಿಗೆ ಮೊದಲ ಪರೀಕ್ಷೆ ಬಾಗಿಲು. ಮಳೆಗಾಲದಲ್ಲಿ ಅದು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಅವನು ಹತ್ತರಿ ಹಿಡಿದು ಅಂಚನ್ನು ಹೆರೆದುಬಿಡುತ್ತಾನೆ. ಬಾಗಿಲೇನೋ ಸಲೀಸಾಗಿ ಮುಚ್ಚುತ್ತದೆ. ಬೇಸಿಗೆ ಬಂದಾಗ ಅದೇ ಅಂಚಿನಲ್ಲಿ ಚೇಳು ನುಸುಳುವಷ್ಟು ಸಂದು!

ಮರವು ಕಡಿದು ಎಷ್ಟು ವರ್ಷವಾದರೂ ಗಾಳಿಯ ತೇವವನ್ನು ಹೀರುತ್ತಲೂ ಬಿಡುತ್ತಲೂ ಇರುತ್ತದೆ. ಹಸಿಮರವು ಪೂರ್ತಿ ಒಣಗುವಾಗ ಎಳೆಗಳ ಉದ್ದಕ್ಕೆ ಕುಗ್ಗುವುದು 1000ಕ್ಕೆ 1 ಅಥವಾ 2 ಭಾಗ ಮಾತ್ರ. ಅಡ್ಡಲಾಗಿ, ಉಂಗುರಗಳ ಗುಂಟ, ಅನೇಕ ಮರಗಳಲ್ಲಿ 100ಕ್ಕೆ 5ರಿಂದ 10 ಭಾಗ. ಆದುದರಿಂದ ಬಾಗಿಲು ಎತ್ತರದಲ್ಲಿ ಬದಲಾಗದೆ ಅಗಲದಲ್ಲಿ ಬದಲಾಗುತ್ತದೆ.

ಬಡಿಗರು ಇದನ್ನು ಬಲ್ಲರು. ಬಾಗಿಲಿನ ಪಟ್ಟಿಗಳಲ್ಲಿ ಕೊರೆದ ಸೀಳಿನೊಳಗೆ ನಡುಹಲಗೆಯನ್ನು ಮೊಳೆಯಿಲ್ಲದೆ, ಸರೇಸಿಲ್ಲದೆ ಸಡಿಲವಾಗಿ ಕೂರಿಸುತ್ತಾರೆ. ಹಲಗೆ ಅಲ್ಲಿಯೇ ಹಿಗ್ಗಿ ಕುಗ್ಗುತ್ತದೆ. ಅದರ ಅಲುಗಾಟವನ್ನು ದೋಷವೆಂದು ಬಗೆದು ಹೊಸಬನು ಮೊಳೆ ಜಡಿದನೋ, ಬೇಸಿಗೆಯಲ್ಲಿ ಹಲಗೆ ಸೀಳುತ್ತದೆ. ಅಜ್ಜನ ಕಾಲದ ಹಲಗೆ ಹಾಗೆ ಹಾಳಾದರೆ ಅಂತಹದು ಮತ್ತೆ ಸಿಕ್ಕುವುದು ಕಷ್ಟ.

ಬಾಗಿಲು ಬಿಗಿಯಾದಾಗ ಮೊದಲು ಬಿಜಾಗರಿಯ ತಿರುಪುಮೊಳೆಗಳನ್ನು ಬಿಗಿಮಾಡಿ ನೋಡಬೇಕು. ಎಷ್ಟೋ ಸಲ ತಪ್ಪಿರುವುದು ಅಲ್ಲಿಯೇ. ಆಗಲೂ ಸರಿಯಾಗದಿದ್ದರೆ ಕಚ್ಚುವ ಸ್ಥಳವನ್ನು ಸೀಸದಕಡ್ಡಿಯಿಂದ ಗುರುತಿಸಿ, ಮರ ಒಣಗುವವರೆಗೆ ಕಾಯಬೇಕು. ಬಳಿಕ ಕಾಗದದ ದಪ್ಪದಷ್ಟು ಹೆರೆಯುತ್ತ, ಮುಚ್ಚಿ ನೋಡುತ್ತ ಸಾಗಿ, ಕಣ್ಣಿಗೆ ಬೀಳದ ಮೇಲಂಚು ಕೆಳಂಚುಗಳಿಗೂ ಬಣ್ಣ ಬಳಿಯಬೇಕು. ತೇವವು ಹೆಚ್ಚಾಗಿ ಒಳಹೊಗುವುದು ಆ ತುದಿಗಳಿಂದಲೇ.