ಚಿಕ್ಕ ತುಂಡಿಗೆ ಬಿಗಿಯಾದ ಹಿಡಿತ

ಕಿತ್ತ ಹಳೆಯ ಕಾಫಿ ಗಿಡದ ಕಾಂಡದಿಂದ ಕೀಲಿಕೈ ಬಿಲ್ಲೆ, ಹೆಸರಿನ ಫಲಕ ಮುಂತಾದುವನ್ನು ಮಾಡಬಹುದು. ಇವನ್ನು ಸಿ.ಎನ್.ಸಿ. ರೌಟರ್ ಯಂತ್ರದಲ್ಲಿ ಕೆತ್ತಲು ಹೊರಟ ಸದಸ್ಯ ಬಾಂಧವರಿಗೆ ನಾವು ಮೊದಲು ಹೇಳುವ ಮಾತು: ತುಂಡನ್ನು ಕೈಯಿಂದ ಹಿಡಿಯಲೇಬೇಡಿ. ಯಂತ್ರದ ಬಿಟ್ ನಿಮಿಷಕ್ಕೆ 10,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಸಡಿಲವಾದ ತುಂಡು ಸಿಡಿದರೆ ಬೆರಳಿಗೂ ಕಣ್ಣಿಗೂ ಅಪಾಯ.

ಚಿಕ್ಕ ತುಂಡಿಗೆ ಕ್ಲಾಂಪು ಹಾಕಿದರೆ ಬಿಟ್ ಓಡಾಡಲು ಜಾಗ ಉಳಿಯದು. ಇದಕ್ಕೆ ಅಗ್ಗದ ಉಪಾಯವಿದೆ. ತುಂಡು ಚೆನ್ನಾಗಿ ಒಣಗಿ, ತಳ ಸಮತಟ್ಟಾಗಿರಬೇಕು. ತಳಕ್ಕೊಂದು, ಯಂತ್ರದ ಮೇಜಿಗೊಂದು ಮಾಸ್ಕಿಂಗ್ ಟೇಪು ಹಚ್ಚಿ. ಎರಡು ಟೇಪುಗಳ ಬೆನ್ನಿನ ನಡುವೆ ಸೂಪರ್ ಗ್ಲೂ ಹಾಕಿ ಒತ್ತಿ. ಕೆಲಸ ಮುಗಿದ ಮೇಲೆ ಟೇಪು ಸುಲಿದರಾಯಿತು, ಮರಕ್ಕೆ ಅಂಟು ತಗಲದು.

ಒಂದೇ ಬಗೆಯ ಹಲವು ಬಿಲ್ಲೆಗಳು ಬೇಕಿದ್ದಲ್ಲಿ ಸಿಲ್ವರ್ ಓಕ್ ಹಲಗೆಯೊಂದರಲ್ಲೇ ಎಲ್ಲವನ್ನೂ ಕೆತ್ತುವುದು ಲೇಸು. ಪ್ರತಿ ಬಿಲ್ಲೆಯ ಅಂಚಿನಲ್ಲಿ ಮೂರು ಕಡೆ ತೆಳುವಾದ ಕೊಂಡಿ ಉಳಿಸಿ, ಕೊನೆಗೆ ಉಳಿಯಿಂದ ಬಿಡಿಸಬೇಕು.

ಹೊಟ್ಟನ್ನು ಮೇಲೆತ್ತುವ ಸುರುಳಿ ಬಿಟ್ ತುಂಡನ್ನೂ ಮೇಲಕ್ಕೆ ಸೆಳೆಯುತ್ತದೆ; ಕೆಳಕ್ಕೊತ್ತುವ ಬಿಟ್ ಉತ್ತಮ. ಆಳವನ್ನು ಒಮ್ಮೆಗೇ ಕೊರೆಯದೆ ಸ್ವಲ್ಪ ಸ್ವಲ್ಪವಾಗಿ ಇಳಿಸಿರಿ. ರಕ್ಷಣಾ ಕನ್ನಡಕ ಧರಿಸದೆ ಯಂತ್ರ ಚಾಲೂ ಮಾಡಕೂಡದು.