ಕದ್ರಿಯವರ ಜಾಜ್ ಮುದ್ರಿಕೆ

ದಿವಂಗತ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನು ವಾದನವನ್ನು ನಾವು ಬಹುಕಾಲದಿಂದ ಕೇಳುತ್ತ ಬಂದವರು. 2008ರಲ್ಲಿ ಅಮೆರಿಕದ ರುದ್ರೇಶ ಮಹಾಂತಪ್ಪನವರೊಡನೆ ಅವರು ನುಡಿಸಿದ ‘ಕಿನ್ಸ್‌ಮೆನ್’ ಎಂಬ ಜಾಜ್ ಮುದ್ರಿಕೆಯನ್ನು ಚಳ್ಳಕೆರೆಯ ನಮ್ಮ ಮಿತ್ರರಲ್ಲಿ ಕೆಲವರು ರಾಗಭ್ರಷ್ಟವೆಂದು ಹಳಿಯುವುದುಂಟು. ನಮಗಿದು ಸಮ್ಮತವಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅವರು ಕೇಳಿ ಮನಸೋತ ಆ ವಾದ್ಯವೇ ಪರದೇಶದ್ದಲ್ಲವೆ? 1980ರಲ್ಲಿಯೇ ಮುಂಬಯಿಯ ಜಾಜ್ ಉತ್ಸವದಲ್ಲಿ ಜಾನ್ ಹ್ಯಾಂಡಿಯವರೊಡನೆ ಅವರು ನುಡಿಸಿರಲಿಲ್ಲವೆ?

ಗೋಪಾಲನಾಥರ ಸ್ವರವು ಇಲ್ಲಿಯೂ ಗಮಕವನ್ನು ಬಿಡದೆ ತೂಗಿ ಜಾರುವುದು. ಮಹಾಂತಪ್ಪನವರದು ಕಡಿದಿಟ್ಟಂತಹ ಚುರುಕು. ಮೊಳಕಾಲ್ಮೂರಿನ ಸೀರೆಯಲ್ಲಿ ಒಡಲಿನ ಬಣ್ಣವೊಂದು, ಅಂಚಿನ ಬಣ್ಣವೊಂದು. ಆದರೂ ನೆಯ್ಗೆ ಬಿಡದು. ಇದೂ ಹಾಗೆಯೇ. ಕನ್ಯಾಕುಮಾರಿಯವರ ಪಿಟೀಲು ಕೇಳಿದಾಗಲಂತೂ ನಾವು ಮನೆಯಲ್ಲೇ ಇದ್ದೇವೆ ಎನಿಸುವುದು. ಆದರೆ ಡ್ರಮ್ಮಿನ ಆರ್ಭಟದಲ್ಲಿ ಪೂವಲೂರು ಶ್ರೀಜಿಯವರ ಮೃದಂಗವು ನಮ್ಮ ಕಿವಿಗೆ ಅಲ್ಲಲ್ಲಿ ಮುಳುಗುವುದು. ಅದನ್ನು ಮಾತ್ರ ಕ್ಷಮಿಸಲಾರೆವು. ಹೊಸಬರು ಮೊದಲು ಕದ್ರಿಯವರ ಕೃತಿಗಳನ್ನು ಕೇಳಿ, ಅನಂತರ ಇದಕ್ಕೆ ಬರುವುದು ಲೇಸು.