ಸ್ವಯಂನಿರ್ಮಿತ ವಾಹನದ ಇಂಧನ ಟಾಕಿ: ನಳಿಕೆ ಜೋಡಣೆಯ ಕ್ರಮ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಕಮಲಾಪುರವಿದೆ. ಕೆಂಪು ಬಾಳೆಗೆ ಹೆಸರಾದ ಆ ಸೀಮೆಯ ತೋಟಗಳಿಗಾಗಲಿ, ಸುತ್ತಲಿನ ತೊಗರಿಯ ಹೊಲಗಳಿಗಾಗಲಿ ಡೀಸೆಲ್ ಎಂಜಿನ್ ಹೊಸದಲ್ಲ. ನೀರೆತ್ತುವ ಒಂಟಿ ಸಿಲಿಂಡರಿನ ಎಂಜಿನ್ನನ್ನು ಗಾಲಿಯ ಚೌಕಟ್ಟಿಗೆ ಕೂಡಿಸಿ, ಹೊಲದೊಳಗೆ ಓಡುವ ಬಂಡಿಯೊಂದನ್ನು ಮಾಡಬೇಕೆಂಬ ಹಂಬಲ ಯಂತ್ರವಿದ್ಯೆ ಕಲಿಯುವ ತರುಣರಲ್ಲಿ ಮೂಡುವುದು ಸಹಜ. 1958ರಲ್ಲಿ ಕಲಬುರಗಿಯಲ್ಲಿ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜು ಆರಂಭವಾದಂದಿನಿಂದ ಈ ಭಾಗದಲ್ಲಿ ಅಂಥ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ.

ಇಂಥ ಬಂಡಿಯಲ್ಲಿ ಚೌಕಟ್ಟಿಗೂ ಗಾಲಿಗೂ ಸಲ್ಲುವ ಗಮನ ಇಂಧನದ ಟಾಕಿಗೆ ಸಲ್ಲುವುದಿಲ್ಲ. ತಗಡಿನ ಪೆಟ್ಟಿಗೆ ಮಾಡಿ ನಳಿಕೆ ಸಿಕ್ಕಿಸಿದರಾಯಿತೆಂದು ಅನೇಕರು ಭಾವಿಸುವರು. ಆದರೆ ಟಾಕಿಗೆ ಕೊರೆಯುವ ಪ್ರತಿಯೊಂದು ರಂಧ್ರಕ್ಕೂ ಅದರದೇ ಕೆಲಸ ಮತ್ತು ಸ್ಥಾನಗಳುಂಟು. ಅದು ತಪ್ಪಿದರೆ ಎಂಜಿನ್ ನಿಲ್ಲುವುದು, ಇಲ್ಲವೆ ಬೆಂಕಿ ಹತ್ತುವುದು.

ಮೊದಲು ತಗಡಿನ ಮಾತು. ಸತುವಿನ ಲೇಪವುಳ್ಳ ಜಿ.ಐ. ತಗಡು ಡೀಸೆಲಿಗೆ ಸಲ್ಲದು. ಸತುವು ಡೀಸೆಲಿನ ಆಮ್ಲಾಂಶದೊಡನೆ ಕೂಡಿ ಸಾಬೂನಿನಂಥ ಜಿಗುಟಾಗಿ ಫಿಲ್ಟರನ್ನು ಕಟ್ಟಿಬಿಡುತ್ತದೆ. ಲೇಪವಿಲ್ಲದ ಉಕ್ಕಿನ ತಗಡೇ ಲೇಸು. ತೆಳು ತಗಡಿನಲ್ಲಿ ಥ್ರೆಡ್ ನಿಲ್ಲದು; ಆದುದರಿಂದ ಪ್ರತಿ ರಂಧ್ರಕ್ಕೂ ದಪ್ಪ ಬುಶ್ಶನ್ನು ಬೆಸೆದು, ಅದರೊಳಗೆ ಜೋಡಣೆಯನ್ನು ತಿರುಗಿಸಬೇಕು. ಈ ಬೆಸುಗೆಯೆಲ್ಲ ಟಾಕಿಗೆ ಒಂದು ಹನಿ ಇಂಧನವೂ ಬೀಳುವ ಮುನ್ನವೇ ಮುಗಿಯತಕ್ಕದ್ದು.

ಎಂಜಿನ್ನಿಗೆ ಹೋಗುವ ನಳಿಕೆಯ ಬಾಯಿ ತಳಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲಿರಬೇಕು. ಆಗ ನೀರೂ ಕೊಳೆಯೂ ಕೆಳಗೆ ಉಳಿಯುತ್ತವೆ. ಅವನ್ನು ಹೊರಬಿಡುವ ತಿರುಪು ಅತಿ ತಗ್ಗಿನ ಮೂಲೆಯಲ್ಲಿರಲಿ. ಎಂಜಿನ್ನಿನಿಂದ ಮರಳುವ ಡೀಸೆಲಿನ ನಳಿಕೆ ಹೋಗುವ ನಳಿಕೆಯಿಂದ ದೂರವಿರಬೇಕು. ಇಲ್ಲವಾದರೆ ಗಾಳಿಯ ಗುಳ್ಳೆಗಳು ಮತ್ತೆ ಎಂಜಿನ್ ಸೇರುವುವು.

ಗಾಳಿಯ ರಂಧ್ರವು ಟಾಕಿಯ ನೆತ್ತಿಯಲ್ಲಿರಬೇಕು. ಅದು ಮುಚ್ಚಿದ್ದರೆ ಎಂಜಿನ್ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದೊಡನೆ ಮತ್ತೆ ಓಡುತ್ತದೆ. ನಮ್ಮ ಬೇಸಿಗೆಯಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಹತ್ತು ಲೀಟರ್ ಡೀಸೆಲ್ 20 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದರೆ ಸುಮಾರು 160 ಮಿಲಿಲೀಟರ್ ಹಿಗ್ಗುತ್ತದೆ. ಕಾರಣ ಟಾಕಿಯನ್ನು ಕಂಠಮಟ್ಟ ತುಂಬಬಾರದು.

ಎಂಜಿನ್ ಅದುರುತ್ತದೆ; ಚೌಕಟ್ಟು ಅಷ್ಟಾಗಿ ಅದುರದು. ಇವೆರಡನ್ನೂ ಬಿಗಿಯಾದ ತಾಮ್ರದ ನಳಿಕೆಯಿಂದ ಕೂಡಿಸಿದರೆ ಅದು ಕಾಲಕ್ರಮೇಣ ಬಿರಿಯುತ್ತದೆ. ನಡುವೆ ಇಂಧನಕ್ಕೆಂದೇ ತಯಾರಾದ ರಬ್ಬರ್ ನಳಿಕೆಯ ತುಂಡಿರಲಿ. ಲೋಹದ ನಳಿಕೆಯ ತುದಿಗೆ ಉಬ್ಬು ಏರು ಮಾಡಿ, ಅದರಾಚೆ ಕ್ಲಿಪ್ಪು ಬಿಗಿಯಬೇಕು. ಸೈಲೆನ್ಸರಿನಿಂದ ನಳಿಕೆ ದೂರವಿರಬೇಕು. ಟಾಕಿಯ ಬಳಿಯೇ ಬಂದು ಮಾಡುವ ನಲ್ಲಿಯಿರಬೇಕು. ಪೆಟ್ರೋಲ್ ಎಂಜಿನ್ನಾದರೆ ಹಳೆಯ ರಬ್ಬರನ್ನು ನಂಬಲಾಗದು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಬೆರೆತಿರುತ್ತದೆ.

ಇನ್ನು ಪರೀಕ್ಷೆ. ಹೊಸ ಟಾಕಿಯೊಳಗೆ ಮೆಲ್ಲನೆ ಗಾಳಿ ತುಂಬಿ ಜೋಡಣೆಗಳಿಗೆ ಸಾಬೂನು ನೀರು ಹಚ್ಚಿದರೆ ಸೋರುವೆಡೆ ಗುಳ್ಳೆ ಏಳುತ್ತದೆ. ಬೆಂಕಿಕಡ್ಡಿ ಹಿಡಿದು ಎಂದೂ ನೋಡಬಾರದು. ಗಾಳಿ ಅತಿಯಾದರೂ ಅಪಾಯವೇ: ಚದರ ಅಂಗುಲಕ್ಕೆ 3 ಪೌಂಡಿನ ಒತ್ತಡವು ಒಂದು ಚದರ ಅಡಿ ತಗಡಿನ ಮೇಲೆ 432 ಪೌಂಡಿನ ಭಾರವಾಗುತ್ತದೆ. ಟಾಕಿ ಎಂಜಿನ್ನಿಗಿಂತ ಕೆಳಗಿದ್ದರೆ ಇನ್ನೊಂದು ತೊಡಕುಂಟು. ಆಗ ಸಡಿಲು ಜೋಡಣೆ ಹೊರಗೆ ಸೋರದೆ ಗಾಳಿಯನ್ನು ಒಳಗೆಳೆಯುತ್ತದೆ. ಹನಿ ಕಾಣದು, ಎಂಜಿನ್ ಮಾತ್ರ ನಿಲ್ಲುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಇದು: ಬಳಸಿದ ಟಾಕಿ ಸೋರಿದರೆ ಅದಕ್ಕೆ ತಾವೇ ಬೆಸುಗೆ ಹಾಕಲು ಹೋಗಬಾರದು. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ 1.4ರಿಂದ 7.6ರಷ್ಟಿದ್ದರೆ ಕಿಡಿ ಸೋಕಿದೊಡನೆ ಸಿಡಿಯುತ್ತದೆ. ಖಾಲಿಯಾದ ಟಾಕಿಯೊಳಗೆ ಉಳಿಯುವುದು ಇಂಥ ಮಿಶ್ರಣವೇ. ಡೀಸೆಲ್ ಟಾಕಿಯೂ ಬೆಸುಗೆಯ ಕಾವಿಗೆ ಆವಿಯೆಬ್ಬಿಸುತ್ತದೆ.

ಇಂಥ ಬಂಡಿಯನ್ನು ಪರೀಕ್ಷೆ ಮತ್ತು ನೋಂದಣಿಗಳಿಲ್ಲದೆ ಸಾರ್ವಜನಿಕ ರಸ್ತೆಗೆ ತರಲು ಕಾನೂನಿನ ಸಮ್ಮತಿಯಿಲ್ಲ. ಅದರ ಕ್ಷೇತ್ರ ಹೊಲ ಮತ್ತು ಕಾರ್ಯಶಾಲೆಯ ಅಂಗಳ. ವಿದ್ಯಾರ್ಥಿಯೊಬ್ಬನು ಟಾಕಿಯ ನಕ್ಷೆಯನ್ನು ತಂದಾಗ ಶಿಕ್ಷಕರು ಮೂರು ಪ್ರಶ್ನೆ ಕೇಳಲಿ: ಗಾಳಿ ಎಲ್ಲಿಂದ ಬರುವುದು? ಕೊಳೆ ಎಲ್ಲಿ ನಿಲ್ಲುವುದು? ನಳಿಕೆ ಕಳಚಿದರೆ ಡೀಸೆಲ್ ಎಲ್ಲಿ ಬೀಳುವುದು? ಉತ್ತರ ಸರಿಯಾದ ಮೇಲೆಯೇ ತಗಡಿಗೆ ಕತ್ತರಿ ತಾಗಲಿ.